ಎಂಟಕ್ಕೆ ಐದಡಿಯ ಬಚ್ಚಲುಮನೆಗೆ ಮೂರು ಥರದ ದರ: ಕೂಲಿ ಎಷ್ಟಾದರೆ ಸರಿ?

ಪ್ರಶ್ನೆ: ಕುವೆಂಪುನಗರದವರು (ಸದ್ಯ ಪುಣೆ)

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯನ್ನು ತಂದೆಯವರು 1994ರಲ್ಲಿ ಕಟ್ಟಿಸಿದ್ದು, ನೆಲಮಹಡಿಯ ಬಚ್ಚಲುಮನೆ ಅಂದು ಹೇಗಿತ್ತೋ ಇಂದಿಗೂ ಹಾಗೆಯೇ ಇದೆ. ಅಳತೆ ಎಂಟಡಿಗೆ ಐದಡಿ. ಗೋಡೆಗೆ ಏಳಡಿ ಎತ್ತರದವರೆಗೆ ಆರಿಂಚಿನ ಬಿಳಿ ಟೈಲ್ಸ್, ಒಳಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಇಂಡಿಯನ್ ಶೈಲಿಯ ಕಮೋಡ್. ಬೆಳಿಗ್ಗೆ ಮೊದಲು ನಲ್ಲಿ ತಿರುಗಿಸಿದಾಗ ಸ್ವಲ್ಪ ಹೊತ್ತು ಕೆಂಪು ನೀರು ಬರುತ್ತದೆ, ಪಕ್ಕದ ಮಲಗುವ ಕೋಣೆಯ ಗೋಡೆಯಲ್ಲಿ ಸೊಂಟದ ಮಟ್ಟದವರೆಗೆ ಬಣ್ಣ ಉಬ್ಬಿ ಉದುರುತ್ತಿದೆ. ತಾಯಿಯವರಿಗೆ ಮಂಡಿನೋವು ಹೆಚ್ಚಾಗಿರುವುದರಿಂದ ವೆಸ್ಟರ್ನ್ ಕಮೋಡ್ ಹಾಕಿಸುವುದನ್ನು ಇನ್ನು ಮುಂದೂಡುವಂತಿಲ್ಲ.

ಮೂವರನ್ನು ವಿಚಾರಿಸಿದ್ದೇವೆ. ತಂದೆಯವರಿಗೆ ಬಹಳ ಕಾಲದಿಂದ ಪರಿಚಯವಿರುವ ಗಾರೆ ಮೇಸ್ತ್ರಿಯೊಬ್ಬರು ತಮಗೆ ದಿನಕ್ಕೆ 1,200 ರೂಪಾಯಿ, ಆಳಿಗೆ 800 ರೂಪಾಯಿ ಕೊಟ್ಟರೆ ಮಾಡಿಕೊಡುತ್ತೇನೆ ಎನ್ನುತ್ತಾರೆ. ಎಷ್ಟು ದಿನವಾಗುತ್ತದೆ ಎಂದು ಕೇಳಿದರೆ ‘ಒಡೆದು ನೋಡಿದ ಮೇಲೆ ಹೇಳುತ್ತೇನೆ’ ಎನ್ನುವುದೇ ಉತ್ತರ. ಎರಡನೆಯವರು ಒಬ್ಬ ಕಂಟ್ರಾಕ್ಟರ್. ಸಾಮಾನೆಲ್ಲ ನಮ್ಮದು, ಕೂಲಿ ಮಾತ್ರ ಒಟ್ಟು 78,000 ರೂಪಾಯಿ ಎಂದಿದ್ದಾರೆ. ಮೂರನೆಯದು ಒಂದು ಇಂಟೀರಿಯರ್ ಕಂಪನಿ. ಸಾಮಾನು ಮತ್ತು ಕೆಲಸ ಸೇರಿ 2,65,000 ರೂಪಾಯಿ ಎಂದು ಅಂದವಾದ ಬಣ್ಣದ ಚಿತ್ರಗಳ ಸಮೇತ ಕೊಟೇಶನ್ ಕಳುಹಿಸಿದ್ದು, ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ತೆರಿಗೆ ಅನ್ವಯವಾಗುವಂತೆ’ ಎಂದು ಬರೆದಿದ್ದಾರೆ.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಇಷ್ಟು ಸಣ್ಣ ಜಾಗಕ್ಕೆ ಕೂಲಿಯೇ 78,000 ರೂಪಾಯಿ ಎನ್ನುವುದು ನ್ಯಾಯವೇ? ನಾನು ದೂರದಲ್ಲಿರುವುದರಿಂದ ಪ್ರತಿದಿನ ನಿಂತು ನೋಡಿಕೊಳ್ಳುವುದು ಸಾಧ್ಯವಿಲ್ಲ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ತಿಳಿದವರು ದಯವಿಟ್ಟು ಸಲಹೆ ಕೊಡಬೇಕು.

ಉತ್ತರ 1: ಸಿವಿಲ್ ಎಂಜಿನಿಯರ್, ಮೈಸೂರು

ಮಾನ್ಯರೇ, ನಿಮಗೆ ಬಂದಿರುವ ಮೂರು ದರಗಳು ಮೂರು ಬೇರೆ ಬೇರೆ ಕೆಲಸಗಳ ದರಗಳು. ಆದ್ದರಿಂದಲೇ ಅವು ಹೋಲಿಕೆಗೆ ಸಿಗುತ್ತಿಲ್ಲ. ಮೊದಲು ಕೆಲಸವನ್ನು ಬಿಡಿಸಿ ಅಳತೆ ಹಾಕೋಣ. ದರಗಳು ನನ್ನ ಕೆಲಸಗಳಲ್ಲಿ ಈಚೆಗೆ ನಡೆಯುತ್ತಿರುವಂಥವು. ಮೇಸ್ತ್ರಿಯಿಂದ ಮೇಸ್ತ್ರಿಗೆ ಅವು ಹೆಚ್ಚುಕಡಿಮೆಯಾಗುತ್ತವೆ, ಆದರೆ ಅಳತೆ ಬದಲಾಗುವುದಿಲ್ಲ.

ನಾಲ್ಕು ಗೋಡೆಗಳ ಸುತ್ತಳತೆ 26 ಅಡಿ, ಎತ್ತರ ಏಳಡಿ. ಅಲ್ಲಿಗೆ 182 ಚದರಡಿ. ಬಾಗಿಲು ಮತ್ತು ವೆಂಟಿಲೇಟರ್ ಕಳೆದರೆ ಹತ್ತಿರ ಹತ್ತಿರ 160 ಉಳಿಯುತ್ತದೆ. ನೆಲದ 40 ಸೇರಿಸಿದರೆ ಟೈಲ್ಸ್ ಕೂರಿಸಬೇಕಾದದ್ದು 200 ಚದರಡಿ. ಕತ್ತರಿಸಿ ಹಾಳಾಗುವುದನ್ನೂ ಲೆಕ್ಕ ಹಿಡಿದು 220 ಚದರಡಿ ಖರೀದಿಸಬೇಕು. ಚದರಡಿಗೆ 55 ರೂಪಾಯಿಯಂತೆ ಟೈಲ್ಸ್ ಕೂಲಿ 11,000 ರೂಪಾಯಿ. ಇದನ್ನೇ ದಿನಗೂಲಿಯ ಲೆಕ್ಕದಲ್ಲಿ ನೋಡಿ: ಬಚ್ಚಲುಮನೆಯಂಥ ಇಕ್ಕಟ್ಟಿನ ಜಾಗದಲ್ಲಿ ಒಬ್ಬ ಮೇಸ್ತ್ರಿ, ಒಬ್ಬ ಆಳು ದಿನಕ್ಕೆ 40ರಿಂದ 45 ಚದರಡಿ ಮುಗಿಸುತ್ತಾರೆ; ಐದು ದಿನಕ್ಕೆ 2,000ದಂತೆ 10,000 ರೂಪಾಯಿ. ಎರಡು ದಾರಿಯಲ್ಲಿ ಹೋದರೂ ತಲಪುವುದು ಒಂದೇ ಊರನ್ನು. ಆದ್ದರಿಂದ ‘ಚದರಡಿಗೆ ಎಷ್ಟು’ ಎಂಬ ಪ್ರಶ್ನೆಗೇ ಅಂಟಿಕೊಂಡು ಐದು ರೂಪಾಯಿಗೆ ಚೌಕಾಸಿ ಮಾಡುವುದರಿಂದ ಉಳಿಯುವುದು ಸಾವಿರ ರೂಪಾಯಿ ಮಾತ್ರ. ದೊಡ್ಡ ವ್ಯತ್ಯಾಸಗಳು ಇರುವುದು ಟೈಲ್ಸ್‌ಗೆ ಮೊದಲಿನ ಕೆಲಸಗಳಲ್ಲಿ.

ಒಡೆಯುವುದಕ್ಕೆ ಇಬ್ಬರು ಆಳುಗಳಿಗೆ ಮೂರು ದಿನ, ಜೊತೆಗೆ ಎರಡು ದಿನದ ಬ್ರೇಕರ್ ಮೆಷಿನ್ ಬಾಡಿಗೆ. ಒಟ್ಟು 6,500 ರೂಪಾಯಿ. ಒಡೆದ ಮಣ್ಣುಗಾರೆಯನ್ನು ಜನ ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗೋಡೆಯಲ್ಲಿ ಟೈಲ್ಸ್, ಅದರ ಹಿಂದಿನ ಗಾರೆ ಮತ್ತು ಗಿಲಾವು ಸೇರಿ ಒಂದೂಕಾಲು ಇಂಚು, ನೆಲದಲ್ಲಿ ಅರ್ಧ ಅಡಿ ಕಿತ್ತರೆ ಸುಮಾರು ಎರಡು ಟನ್ ತೂಕವಾಗುತ್ತದೆ. ಚಿಕ್ಕ ಗೂಡ್ಸ್ ಆಟೋಗಾದರೆ ಇದು ಮೂರು ಸಲದ ಹೊರೆ, ಟ್ರ್ಯಾಕ್ಟರ್‌ಗೆ ಒಂದು ಲೋಡ್. ತುಂಬುವ ಕೂಲಿ ಸೇರಿ 4,000 ರೂಪಾಯಿ ಇಟ್ಟುಕೊಳ್ಳಿ, ಮತ್ತು ಅದನ್ನು ನಗರಪಾಲಿಕೆ ಗೊತ್ತುಮಾಡಿದ ಜಾಗಕ್ಕೇ ಹಾಕಬೇಕೆಂದು ಮೊದಲೇ ಹೇಳಿ. ಇಲ್ಲವಾದರೆ ರಾತ್ರೋರಾತ್ರಿ ಯಾವುದಾದರೂ ಖಾಲಿ ಸೈಟಿಗೆ ಸುರಿದು ಬರುತ್ತಾರೆ. ನೆಲಕ್ಕೆ ಹೊಸ ಬೆಡ್ ಕಾಂಕ್ರೀಟ್ ಮತ್ತು ಗೋಡೆಗೆ ಮರುಗಿಲಾವು 7,000 ರೂಪಾಯಿ. ಪ್ಲಂಬರ್‌ಗೆ ಒಳಪೈಪು, ಟ್ರ್ಯಾಪ್ (ನೆಲದ ನೀರು ಹೊರಹೋಗುವ ಬಾಯಿ), ಕೊನೆಗೆ ಕಮೋಡ್ ಮತ್ತು ನಲ್ಲಿಗಳ ಜೋಡಣೆ ಎಲ್ಲವೂ ಸೇರಿ 14,000. ವಾಟರ್‌ಪ್ರೂಫಿಂಗ್‌ಗೆ ರಾಸಾಯನಿಕವೂ ಸೇರಿ 8,000. ಎಲೆಕ್ಟ್ರಿಷಿಯನ್‌ಗೆ 3,500, ಬಾಗಿಲು ಮತ್ತು ಸೂರಿನ ಬಣ್ಣಕ್ಕೆ 3,000. ಟೈಲ್ಸ್ ಕೂಲಿಯೂ ಸೇರಿ ಎಲ್ಲ ಕೂಡಿಸಿದರೆ 57,000 ರೂಪಾಯಿ. ನಾಲ್ಕು ಬಗೆಯ ಕೆಲಸಗಾರರನ್ನು ಒಗ್ಗೂಡಿಸಿ ಜವಾಬ್ದಾರಿ ಹೊರುವವರಿಗೆ ಶೇಕಡಾ 15ರಿಂದ 20 ಲಾಭ ಕೊಡಬೇಕಾದದ್ದು ನ್ಯಾಯ. ಅಲ್ಲಿಗೆ 66,000ದಿಂದ 68,000 ರೂಪಾಯಿ. ನಿಮ್ಮ ಕಂಟ್ರಾಕ್ಟರ್ ಕೇಳಿರುವುದು ಇದಕ್ಕಿಂತ ಹತ್ತು ಸಾವಿರ ಹೆಚ್ಚು. ಅದು ದುರಾಸೆಯೋ ಅಥವಾ ನಮಗೆ ಕಾಣದ ಯಾವುದಾದರೂ ಕೆಲಸ ಅದರಲ್ಲಿ ಸೇರಿದೆಯೋ ಎಂಬುದನ್ನು ಬಿಡಿ ಲೆಕ್ಕ ಕೇಳಿದರೆ ಮಾತ್ರ ತಿಳಿಯುತ್ತದೆ.

ಕಂಪನಿಯ ಕೊಟೇಶನ್ ವಿಚಾರದಲ್ಲಿ ಆ ಸಣ್ಣ ಅಕ್ಷರಗಳೇ ಮುಖ್ಯ. ಇಂಥ ಕೆಲಸಕ್ಕೆ ಜಿಎಸ್‌ಟಿ ಶೇಕಡಾ 18. ತೆರಿಗೆ ಮೇಲಿನಿಂದ ಬೀಳುವುದಾದರೆ 2,65,000 ಎನ್ನುವುದು 3,12,700 ಆಗುತ್ತದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿಗಿಂತ ಕಡಿಮೆಯಿರುವ ಸಣ್ಣ ಕಂಟ್ರಾಕ್ಟರ್‌ಗಳು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ಹಾಗಾಗಿ ಅವರು ಬಿಲ್ಲಿಗೆ ತೆರಿಗೆ ಸೇರಿಸುವಂತೆಯೂ ಇಲ್ಲ; ದರಗಳ ನಡುವಿನ ಅಂತರದಲ್ಲಿ ಇದರ ಪಾಲೂ ಇದೆ.

ಇನ್ನೊಂದು ಮಾತು. ನಿಮ್ಮದು ನೆಲಮಹಡಿ, ಕೆಳಗೆ ಯಾರ ಸೂರೂ ಇಲ್ಲ. ಮೇಲ್ಮಹಡಿಯ ಬಚ್ಚಲಿಗೆ ತಗ್ಗಿಸಿ ಹಾಕುವ ಸನ್ಕನ್ ಸ್ಲ್ಯಾಬ್‌ಗೆ ಮಾಡುವಂಥ ದುಬಾರಿ ವಾಟರ್‌ಪ್ರೂಫಿಂಗ್ ನಿಮಗೆ ಬೇಕಾಗಿಲ್ಲ. ಪಕ್ಕದ ಕೋಣೆಯ ಗೋಡೆ ಒದ್ದೆಯಾಗುತ್ತಿರುವುದಕ್ಕೆ ತುಕ್ಕು ಹಿಡಿದ ಪೈಪು ಅಥವಾ ನೆಲ-ಗೋಡೆ ಸೇರುವ ಮೂಲೆ ಕಾರಣವಿರಬೇಕು. ನೆಲಕ್ಕೆ ಪೂರ್ತಿ, ಗೋಡೆಗೆ ಸುತ್ತಲೂ ಒಂದಡಿ, ಸ್ನಾನ ಮಾಡುವ ಕಡೆ ಆಳೆತ್ತರ. ಇಷ್ಟಕ್ಕೆ ಪಾಲಿಮರ್ ಲೇಪನವನ್ನು ಎರಡು ಸಲ, ಮೊದಲನೆಯದಕ್ಕೆ ಎರಡನೆಯದು ಅಡ್ಡವಾಗಿ ಬರುವಂತೆ ಬಳಿದರೆ ಸಾಕು.

ಉತ್ತರ 2: ಟೈಲ್ಸ್ ಗುತ್ತಿಗೆದಾರ, ಹಾಸನ

ಎಂಜಿನಿಯರ್ ಸಾಹೇಬರ ಕೂಡುವಿಕೆಯಲ್ಲಿ ತಪ್ಪಿಲ್ಲ, ಆದರೆ ಅದು ಎಲ್ಲವೂ ಸರಿಯಾಗಿ ನಡೆದಾಗಿನ ಲೆಕ್ಕ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ಕೆಲಸ ಮಾಡಿಸುತ್ತಿರುವ ನನಗೆ, ಸಣ್ಣ ಬಚ್ಚಲುಮನೆಗಿಂತ ಎರಡು ಸಾವಿರ ಚದರಡಿಯ ಹಾಲ್ ಹಾಕಿಸುವುದೇ ಸುಲಭವೆನಿಸುತ್ತದೆ. ಎಂಟಕ್ಕೆ ಐದಡಿಯಲ್ಲಿ ಇಬ್ಬರು ಮೇಸ್ತ್ರಿಗಳು ಒಟ್ಟಿಗೆ ಕೂರುವುದಕ್ಕೆ ಜಾಗವಿರುವುದಿಲ್ಲ. ಪ್ಲಂಬರ್ ಕೆಲಸ ಮಾಡುವ ದಿನ ಗಾರೆಯವರು ಸುಮ್ಮನಿರಬೇಕು, ಲೇಪನ ಒಣಗುವ ದಿನ ಎಲ್ಲರೂ ಸುಮ್ಮನಿರಬೇಕು. ಒಬ್ಬ ಪ್ಲಂಬರ್ ಪೈಪು ಎಳೆಯಲು, ಒತ್ತಡ ಪರೀಕ್ಷಿಸಲು, ಟ್ರ್ಯಾಪ್ ಮಟ್ಟ ಮಾಡಲು, ಕೊನೆಗೆ ನಲ್ಲಿ ಕೂರಿಸಲು ಬೇರೆ ಬೇರೆ ದಿನ ಬರಬೇಕಾಗುತ್ತದೆ. ಬಂದ ದಿನ ಎರಡೇ ಗಂಟೆ ಕೆಲಸವಿದ್ದರೂ ಅವನಿಗೆ ಆ ದಿನದ ಬೇರೆ ಕೆಲಸ ಕೈತಪ್ಪಿರುತ್ತದೆ. ಖಾಲಿ ಕುಳಿತ ದಿನದ ಕೂಲಿಯನ್ನು ಚದರಡಿಯ ದರ ತೋರಿಸುವುದಿಲ್ಲ, ಆದರೆ ಯಾರೋ ಒಬ್ಬರು ಅದನ್ನು ಕೊಡಲೇಬೇಕು.

ಎರಡನೆಯದಾಗಿ, ಟೈಲ್ಸ್ ಯಾವ ಅಳತೆಯದು ಎಂದು ನೀವು ಹೇಳಿಲ್ಲ. ಈಗ ಅಂಗಡಿಗೆ ಹೋದವರೆಲ್ಲ ನಾಲ್ಕಡಿಗೆ ಎರಡಡಿಯ ವಿಟ್ರಿಫೈಡ್ ಟೈಲ್ಸನ್ನೇ ಆರಿಸುತ್ತಾರೆ. ಐದಡಿ ಅಗಲದ ಗೋಡೆಗೆ ಅದನ್ನು ಹಾಕಿದರೆ ಪ್ರತಿ ಸಾಲಿನಲ್ಲಿಯೂ ಒಂದನ್ನು ಕತ್ತರಿಸಬೇಕು, ಒಂದನ್ನು ಎತ್ತಿ ಹಿಡಿಯಲು ಇಬ್ಬರು ಬೇಕು, ಹಳೆಯ ಗೋಡೆ ತೂಕದ ಗುಂಡಿಗೆ ಸರಿಯಾಗಿ ನಿಲ್ಲದಿದ್ದರೆ ಮೊದಲು ಗಿಲಾವಿನಿಂದ ಅದನ್ನು ಸರಿಪಡಿಸಬೇಕು. ವಿಟ್ರಿಫೈಡ್ ಟೈಲ್ಸ್ ನೀರನ್ನು ಅರ್ಧ ಶೇಕಡಾದಷ್ಟೂ ಹೀರುವುದಿಲ್ಲವಾದ್ದರಿಂದ ಸಿಮೆಂಟ್ ಹಾಲಿಗೆ ಅದು ಹಿಡಿಯುವುದಿಲ್ಲ. ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನಕ) ಗುರುತಿರುವ ಅಂಟುಗಾರೆಯನ್ನೇ ಹಲ್ಲುಕರಣೆಯಲ್ಲಿ ಎಳೆದು ಕೂರಿಸಬೇಕು. ಇಂಥ ಕೆಲಸಕ್ಕೆ 55 ರೂಪಾಯಿಗೆ ನನ್ನ ಹುಡುಗರು ಬರುವುದಿಲ್ಲ, 75 ಕೇಳುತ್ತಾರೆ. ಮೂಲೆಗಳಲ್ಲಿ ಪ್ಲಾಸ್ಟಿಕ್ ಪಟ್ಟಿ ಬೇಡ, 45 ಡಿಗ್ರಿ ಉಜ್ಜಿ ಕೂಡಿಸಿ ಎಂದರೆ ಅದಕ್ಕೆ ಅಡಿ ಲೆಕ್ಕದಲ್ಲಿ ಬೇರೆಯೇ ಕೂಲಿ. ಶಾಂಪೂ ಇಡುವ ಗೂಡು ಮಾಡಿಸಿದರೆ ಅದರ ಒಳಗಿನ ನಾಲ್ಕು ಅಂಚಿಗೂ ಇದೇ ಕೆಲಸ. ಇಷ್ಟೆಲ್ಲ ಸೇರಿದ್ದರೆ 78,000 ಹೆಚ್ಚಲ್ಲ. ಒಂದಡಿಗೆ ಎರಡಡಿಯ ಸಾಧಾರಣ ಸೆರಾಮಿಕ್ ಟೈಲ್ಸ್‌ಗೆ ಇಷ್ಟು ಕೇಳಿದ್ದರೆ ಖಂಡಿತವಾಗಿಯೂ ಹೆಚ್ಚು.

ದಿನಗೂಲಿಯ ಮೇಸ್ತ್ರಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ‘ಒಡೆದು ನೋಡಿದ ಮೇಲೆ ಹೇಳುತ್ತೇನೆ’ ಎಂದ ಆ ಹಿರಿಯರು ನಿಮ್ಮೊಂದಿಗೆ ಪ್ರಾಮಾಣಿಕವಾಗಿದ್ದಾರೆ ಎಂದೇ ನನ್ನ ಅಭಿಪ್ರಾಯ. ಮೂವತ್ತು ವರ್ಷದ ಹಳೆಯ ನೆಲದ ಕೆಳಗೆ ಪೈಪು ಬಿರಿದಿದೆಯೋ, ಮಣ್ಣು ಕುಸಿದು ಪೊಳ್ಳಾಗಿದೆಯೋ ಯಾರಿಗೂ ಕಾಣುವುದಿಲ್ಲ. ಕಾಣದ್ದಕ್ಕೆ ಗುತ್ತಿಗೆ ಒಪ್ಪಿಕೊಳ್ಳುವವನು ಒಂದೋ ಹೆಚ್ಚು ಹಾಕಿರುತ್ತಾನೆ, ಇಲ್ಲವೇ ಕಂಡದ್ದನ್ನು ಮುಚ್ಚಿಹಾಕುತ್ತಾನೆ. ಆದ್ದರಿಂದ ನಾನೇ ಮನೆಯವರಿಗೆ ಹೇಳುವುದು ಇಷ್ಟು: ಒಡೆಯುವುದು ಮತ್ತು ನೆಲದ ಕೆಳಗಿನ ದುರಸ್ತಿ ದಿನಗೂಲಿಯಲ್ಲಿರಲಿ, ಪೈಪು ಬಯಲಾದ ಮೇಲೆ ಉಳಿದದ್ದನ್ನೆಲ್ಲ ಗುತ್ತಿಗೆಗೆ ಕೊಡಿ. ಆಗ ಇಬ್ಬರಿಗೂ ಭಯವಿರುವುದಿಲ್ಲ.

ಕಾಲವನ್ನೂ ನೋಡಿಕೊಳ್ಳಿ. ಟೈಲ್ಸ್ ಹುಡುಗರಲ್ಲಿ ಬಹಳಷ್ಟು ಜನ ಬಿಹಾರ, ಒಡಿಶಾ, ರಾಜಸ್ಥಾನದ ಕಡೆಯವರು. ಹೋಳಿಗೋ ಛಠ್ ಪೂಜೆಗೋ ಊರಿಗೆ ಹೋದರೆ ಮರಳುವ ದಿನವನ್ನು ಅವರೂ ಹೇಳಲಾರರು. ನಮ್ಮ ಕಡೆಯ ಆಳುಗಳು ಗೌರಿ-ಗಣೇಶ ಹಬ್ಬಕ್ಕೆ ಹೋದರೂ ಕಥೆ ಅದೇ.

ಉತ್ತರ 3: ಗೃಹಿಣಿ, ಮಂಗಳೂರು

ಇಲ್ಲಿಯವರೆಗಿನ ಚರ್ಚೆಯೆಲ್ಲ ಪೂರ್ತಿ ಒಡೆದು ಹೊಸದಾಗಿ ಕಟ್ಟುವುದರ ಬಗ್ಗೆಯೇ ಇದೆ. ನಿಮ್ಮ ತಂದೆ-ತಾಯಿಯವರಿಗೆ ಬೇಕಾಗಿರುವುದು ಕೂತು ಏಳಲು ಅನುಕೂಲವಾದ ಕಮೋಡ್, ಜಾರದ ನೆಲ, ಕೆಂಪಾಗದ ನೀರು. ಇದಕ್ಕೆ ನಾಲ್ಕು ಗೋಡೆಗಳನ್ನೂ ಕೀಳಲೇಬೇಕೇ ಎಂದು ಒಮ್ಮೆ ಯೋಚಿಸಿ. ನಮ್ಮ ಅತ್ತೆಯವರ ಮನೆಯಲ್ಲಿ ಗೋಡೆಯ ಟೈಲ್ಸನ್ನು ಹಾಗೆಯೇ ಬಿಟ್ಟು, ಗೋಡೆಯೊಳಗಿನ ಹಳೆಯ ಪೈಪಿಗೆ ಬಿರಡೆ ಹಾಕಿ, ಹೊಸ ಸಿಪಿವಿಸಿ (ತುಕ್ಕು ಹಿಡಿಯದ ಪ್ಲಾಸ್ಟಿಕ್) ಪೈಪನ್ನು ಗೋಡೆಯ ಹೊರಮೈಯಲ್ಲಿ ಕ್ಲ್ಯಾಂಪ್ ಹೊಡೆದು ತಂದೆವು. ಒಡೆದದ್ದು ನೆಲ ಮಾತ್ರ. ನೋಡಲು ಅಷ್ಟು ಅಂದವಿಲ್ಲ ಎಂಬುದು ನಿಜ, ಆದರೆ ನಾಳೆ ಸೋರಿದರೆ ಎಲ್ಲಿ ಎಂದು ಕಣ್ಣಿಗೇ ಕಾಣುತ್ತದೆ. ಕೂಲಿ ಅರ್ಧಕ್ಕೂ ಕೆಳಗಿಳಿಯಿತು. ಅದಕ್ಕಿಂತ ಹೆಚ್ಚಾಗಿ, ವಯಸ್ಸಾದವರು ವಾರಗಟ್ಟಲೆ ಧೂಳಿನಲ್ಲಿದ್ದು ಸ್ನಾನಕ್ಕೆ ಪಕ್ಕದ ಮನೆಗೆ ಹೋಗುವುದು ತಪ್ಪಿತು. ನಿಮ್ಮ ಮನೆಯಲ್ಲಿ ಎರಡನೆಯ ಬಚ್ಚಲುಮನೆ ಇದೆಯೇ ಎಂಬುದನ್ನು ಇದುವರೆಗೂ ಯಾರೂ ಕೇಳಿಲ್ಲ ಎಂಬುದು ನನಗೆ ಆಶ್ಚರ್ಯ.

ಯಾವ ದಾರಿ ಹಿಡಿದರೂ ಹಿಡಿಕೆಗಳ ವಿಚಾರವನ್ನು ಟೈಲ್ಸ್ ಹಾಕುವ ಮೊದಲೇ ಮೇಸ್ತ್ರಿಗೆ ತಿಳಿಸಿ. ನಮ್ಮ ಕಡೆ ಗೋಡೆಗಳು ಮುರಕಲ್ಲಿನವು, ಸಾಮಾನ್ಯ ಸ್ಕ್ರೂ ಅದರಲ್ಲಿ ನಿಲ್ಲುವುದೇ ಇಲ್ಲ. ಹಿಡಿಕೆ ಬರುವ ಜಾಗಗಳಲ್ಲಿ ಮಾತ್ರ ಮುರಕಲ್ಲು ಕೊರೆದು ಕಾಂಕ್ರೀಟ್ ತುಂಬಿಸಿದ್ದೆವು. ನಿಮ್ಮದು ಇಟ್ಟಿಗೆ ಗೋಡೆಯಾದರೂ ಟೈಲ್ಸಿನ ಹಿಂದೆ ಪೊಳ್ಳಿದ್ದರೆ ಡ್ರಿಲ್ ತಗುಲಿದ ಕೂಡಲೇ ಬಿರುಕು ಬಿಡುತ್ತದೆ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾಗಿದ್ದರೆ ಒಳಕ್ಕೆ ತಳ್ಳುವ ಬಾಗಿಲನ್ನು ತೆರೆಯಲಾಗುವುದಿಲ್ಲ. ನೆಲದ ಟೈಲ್ಸ್ ಕೊಳ್ಳುವಾಗ ಒರಟು ಎಂದರೆ ಸಾಲದು, ಡಬ್ಬದ ಮೇಲೆ ಜಾರದಿರುವಿಕೆಯ ದರ್ಜೆ ಆರ್10 ಅಥವಾ ಆರ್11 ಎಂದಿದೆಯೇ ನೋಡಿ.

ಉತ್ತರ 4: ಫ್ಲ್ಯಾಟ್ ನಿವಾಸಿ, ಬೆಂಗಳೂರು

ಇದನ್ನು ಓದುವ ಫ್ಲ್ಯಾಟ್‌ನವರಿಗಾಗಿ ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ಇದೇ ಕೆಲಸಕ್ಕೆ ಇಲ್ಲಿ ಕೂಲಿ ಏರುತ್ತದೆ. ಬಹಳಷ್ಟು ಅಸೋಸಿಯೇಷನ್‌ಗಳು ಡೆಪಾಸಿಟ್ ಕಟ್ಟಿಸಿಕೊಂಡು, ಬ್ರೇಕರ್ ಹೊಡೆಯಲು ಬೆಳಿಗ್ಗೆಯಿಂದ ಸಂಜೆಯೊಳಗೆ ಕೆಲವೇ ಗಂಟೆ ಬಿಡುತ್ತವೆ. ಮಣ್ಣುಗಾರೆಯನ್ನು ಚೀಲಕ್ಕೆ ತುಂಬಿ ಮೆಟ್ಟಿಲಿನಲ್ಲಿಯೇ ಇಳಿಸಬೇಕೆಂದರೆ ಆ ಎರಡು ಟನ್ ತೂಕಕ್ಕೆ ಮಹಡಿಯೊಂದಕ್ಕೆ ಇಷ್ಟು ಎಂದು ಬೇರೆ ಕೂಲಿ. ವಾಟರ್‌ಪ್ರೂಫಿಂಗ್ ಆದ ಮೇಲೆ ಟ್ರ್ಯಾಪ್ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ, ಕೆಳಮನೆಯವರ ಸೂರನ್ನು ಅವರೊಂದಿಗೇ ನಿಂತು ನೋಡದೆ ಟೈಲ್ಸ್ ಕೆಲಸಕ್ಕೆ ಒಪ್ಪಿಗೆ ಕೊಡಬೇಡಿ.

ಮರುಪ್ರಶ್ನೆ: ಕುವೆಂಪುನಗರದವರು

ಎಲ್ಲರಿಗೂ ಧನ್ಯವಾದ. ಮಹಡಿಯಲ್ಲಿ ಇನ್ನೊಂದು ಬಚ್ಚಲುಮನೆ ಇದೆ, ಆದರೆ ತಾಯಿಯವರಿಗೆ ಮೆಟ್ಟಿಲು ಹತ್ತಲಾಗದ್ದರಿಂದ ಕೆಲಸ ನಡೆಯುವಷ್ಟು ದಿನ ತಂಗಿಯ ಮನೆಯಲ್ಲಿರಲು ಒಪ್ಪಿದ್ದಾರೆ. ಕಂಟ್ರಾಕ್ಟರ್‌ಗೆ ಬಿಡಿ ಲೆಕ್ಕ ಕೇಳಿದಾಗ ಸಂಗತಿ ಸ್ಪಷ್ಟವಾಯಿತು: ಅವರು ನಾಲ್ಕಡಿಯ ಟೈಲ್ಸ್, 45 ಡಿಗ್ರಿ ಅಂಚು ಮತ್ತು ಎರಡು ಗೂಡುಗಳನ್ನು ಲೆಕ್ಕ ಹಿಡಿದಿದ್ದರು, ವಾಟರ್‌ಪ್ರೂಫಿಂಗ್ ಮಾತ್ರ ಅದರಲ್ಲಿ ಇರಲೇ ಇಲ್ಲ. ಗೂಡು ಬೇಡ, ಒಂದಡಿಗೆ ಎರಡಡಿಯ ಟೈಲ್ಸ್ ಸಾಕು, ಒಡೆಯುವ ಕೆಲಸವನ್ನು ನಮ್ಮ ಹಳೆಯ ಮೇಸ್ತ್ರಿಯವರೇ ದಿನಗೂಲಿಯಲ್ಲಿ ಮಾಡುತ್ತಾರೆ ಎಂದ ಮೇಲೆ ವಾಟರ್‌ಪ್ರೂಫಿಂಗ್ ಸೇರಿ 61,000ಕ್ಕೆ ಇಳಿದಿದ್ದಾರೆ. ಗೋಡೆಯ ಹೊರಮೈಯಲ್ಲಿ ಪೈಪು ತರುವ ಸಲಹೆ ತಂದೆಯವರಿಗೆ ತುಂಬ ಹಿಡಿಸಿದೆ. ಗೋಡೆಯ ಟೈಲ್ಸನ್ನು ಉಳಿಸಿಕೊಳ್ಳಬಹುದೇ? ಹಣವನ್ನು ಯಾವ ಯಾವ ಹಂತದಲ್ಲಿ ಕೊಡಬೇಕು, ಪುಣೆಯಲ್ಲಿದ್ದುಕೊಂಡು ಏನನ್ನು ಪರೀಕ್ಷಿಸಬಹುದು ಎಂಬುದನ್ನೂ ದಯವಿಟ್ಟು ತಿಳಿಸಿ. ಮುಂಗಡವಾಗಿ ಅರ್ಧ ಕೇಳುತ್ತಿದ್ದಾರೆ.

ಉತ್ತರ 5: ಸಿವಿಲ್ ಎಂಜಿನಿಯರ್, ಮೈಸೂರು

ಮಂಗಳೂರಿನ ಸೋದರಿ ಹೇಳಿದ್ದು ಒಣ ಗೋಡೆಗೆ ಸರಿ. ನಿಮ್ಮ ಗೋಡೆ ಆಚೆ ಬದಿಗೆ ಬಣ್ಣ ಉದುರುವಷ್ಟು ನೀರು ಕುಡಿದಿದೆ. ಕನಿಷ್ಠ ಆ ಒಂದು ಗೋಡೆಯನ್ನಾದರೂ ಇಟ್ಟಿಗೆಯವರೆಗೆ ಬಿಡಿಸಿ ಒಣಗಲು ಬಿಡಬೇಕು. ಉಳಿದ ಮೂರು ಗೋಡೆಗಳ ಟೈಲ್ಸನ್ನು ನಾಣ್ಯದಿಂದ ತಟ್ಟಿಸಿ ನೋಡಿ. ಎಲ್ಲೆಡೆ ಗಟ್ಟಿ ಶಬ್ದ ಬಂದರೆ ಉಳಿಸಿಕೊಳ್ಳುವುದರಲ್ಲಿ ದೋಷವಿಲ್ಲ, ಪೈಪು ಹೊರಮೈಯಲ್ಲೇ ಬರಲಿ, ಗುತ್ತಿಗೆಯ ಮೊತ್ತವೂ ಇನ್ನಷ್ಟು ಇಳಿಯಬೇಕು. ಡೊಬ್ಬ ಡೊಬ್ಬ ಎಂದರೆ ಕೀಳಿಸುವುದೇ ಒಳ್ಳೆಯದು.

ಅರ್ಧ ಮುಂಗಡ ಬೇಡ. ಕೂಲಿ ಗುತ್ತಿಗೆಯಲ್ಲಿ ಸಾಮಾನು ನಿಮ್ಮದೇ ಆಗಿರುವಾಗ ಅವರು ಮೊದಲೇ ಖರ್ಚು ಮಾಡಬೇಕಾದದ್ದು ಹೆಚ್ಚೇನೂ ಇರುವುದಿಲ್ಲ. 10,000 ಕೊಟ್ಟು ಆರಂಭಿಸಿ. ಪೈಪಿಗೆ ಕೈಪಂಪಿನಿಂದ ಒತ್ತಡ ಕೊಟ್ಟು, ಒಂದೆರಡು ಗಂಟೆ ಕಳೆದ ಮೇಲೂ ಮಾಪಕದ ಮುಳ್ಳು ಇಳಿದಿಲ್ಲವೆಂದು ವಿಡಿಯೋ ಬಂದಾಗ 15,000, ನೀರು ನಿಲ್ಲಿಸಿ ನೋಡಿದ ಮೇಲೆ 10,000, ಟೈಲ್ಸ್ ಮುಗಿದಾಗ 15,000, ನಲ್ಲಿ ಮತ್ತು ಕಮೋಡ್ ಕೂತಾಗ 5,000. ಉಳಿದ 6,000 ಒಂದು ತಿಂಗಳು ಬಳಸಿ ನೋಡಿದ ನಂತರ. ಗೋಡೆಯ ಟೈಲ್ಸ್ ಉಳಿಸಿಕೊಂಡು ಮೊತ್ತ ಕಡಿಮೆಯಾದರೆ ಟೈಲ್ಸ್‌ನ ಕಂತಿನಿಂದ ಕಳೆಯಿರಿ; ಪರೀಕ್ಷೆಯ ಕಂತುಗಳನ್ನು ಮುಟ್ಟಬೇಡಿ. ಇದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿಕೊಳ್ಳಿ.

ದೂರದಿಂದ ಪರೀಕ್ಷಿಸಲು ಮೂರು ಸಂಗತಿಗಳಿವೆ. ಗೋಡೆಯೊಳಗೆ ಎಲ್ಲಿಯಾದರೂ ಪೈಪು ಹೋಗುವುದಿದ್ದರೆ, ಗಿಲಾವು ಮುಚ್ಚುವ ಮೊದಲು ಟೇಪನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆಸಿಕೊಳ್ಳಿ. ಮುಂದೆ ಹಿಡಿಕೆಗೆ ಡ್ರಿಲ್ ಹಾಕುವವರಿಗೆ ಅದು ಬೇಕಾಗುತ್ತದೆ. ನೆಲದ ವಾಟ ಎಂಟಡಿ ಉದ್ದಕ್ಕೆ ಒಂದಿಂಚಾದರೂ ಇಳಿಯಬೇಕು. ಒಂದು ಚೊಂಬು ನೀರನ್ನು ದೂರದ ಮೂಲೆಯಲ್ಲಿ ಸುರಿಸಿ, ಅದು ಎಲ್ಲಿಯೂ ನಿಲ್ಲದೆ ಟ್ರ್ಯಾಪ್ ಸೇರುವುದನ್ನು ತಂದೆಯವರು ಫೋನಿನಲ್ಲಿ ತೋರಿಸಲಿ. ಮೂರನೆಯದು ಕಮೋಡ್‌ನದು. ಇಂಡಿಯನ್ ಕಮೋಡ್‌ನ ಪೈಪು ಗೋಡೆಯಿಂದ ದೂರದಲ್ಲಿರುತ್ತದೆ, ಕೊಳೆ ನೇರ ನೆಲದ ಪೈಪಿಗೆ ಇಳಿಯುವ ಎಸ್-ಟ್ರ್ಯಾಪ್ ವೆಸ್ಟರ್ನ್ ಕಮೋಡ್‌ಗೆ ಅದನ್ನು ಹತ್ತಿರಕ್ಕೆ ತರಬೇಕು. ಎಷ್ಟು ಹತ್ತಿರ ಎಂಬುದು ಮಾದರಿಯ ಮೇಲೆ ಹೋಗುತ್ತದೆ, ಸಾಮಾನ್ಯವಾಗಿ ಒಂಬತ್ತು ಇಂಚು ಅಥವಾ ಒಂದಡಿ. ಈ ಅಳತೆ ಟೈಲ್ಸ್ ಹಾಕಿ ಮುಗಿದ ಗೋಡೆಯ ಮೈಯಿಂದ, ಬರಿಯ ಇಟ್ಟಿಗೆಯಿಂದಲ್ಲ. ಗಿಲಾವು, ಅಂಟುಗಾರೆ ಮತ್ತು ಟೈಲ್ಸ್ ಸೇರಿದರೆ ಒಂದಿಂಚು ದಾಟುತ್ತದೆ, ಅಷ್ಟನ್ನು ಮರೆತರೆ ಸಿಸ್ಟರ್ನ್ (ಹಿಂದಿನ ನೀರಿನ ತೊಟ್ಟಿ) ಗೋಡೆಗೆ ತಾಗಿ ಕಮೋಡ್ ಕೂರುವುದೇ ಇಲ್ಲ. ಹಾಗಾಗಿ ಕಮೋಡ್ ಮೊದಲು ಮನೆಗೆ ಬರಲಿ, ಅದರ ಮೇಲೆ ಟೇಪ್ ಹಿಡಿದು ನೋಡಿದ ನಂತರವೇ ಪ್ಲಂಬರ್ ನೆಲದಲ್ಲಿ ಪೈಪಿನ ಬಾಯಿಯನ್ನು ಗುರುತು ಮಾಡಲಿ.